ಅಕ್ಷರದ ನೆತ್ತಿಯ ಮೇಲಿನ ಚುಕ್ಕೆ

ಜರ್ಮನ್ ಭಾಷೆಯಲ್ಲಿ ತಾಯಿಗೆ ‘ಮುಟ್ಟರ್’ ಎನ್ನುತ್ತಾರೆ. ಬರೆಯುವುದು ಎಂ, ಯು, ಟಿ, ಟಿ, ಇ, ಆರ್ ಎಂದು. ಒಬ್ಬರಿಗಿಂತ ಹೆಚ್ಚು ತಾಯಂದಿರಿದ್ದರೆ? ಇಂಗ್ಲಿಷಿನಂತೆ ಕೊನೆಗೆ ಎಸ್ ಸೇರಿಸುವಂತಿಲ್ಲ. ‘ಯು’ ಅಕ್ಷರದ ನೆತ್ತಿಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಚುಕ್ಕೆ ಇಟ್ಟರೆ ಸಾಕು, ಒಬ್ಬ ತಾಯಿ ಹಲವು ತಾಯಂದಿರಾಗುತ್ತಾರೆ. ಅದೇ ಭಾಷೆಯಲ್ಲಿ ‘ತ್ಸಾಲೆನ್’ ಎಂದರೆ ಹಣ ಕೊಡುವುದು. ಅದರ ‘ಎ’ ಮೇಲೆ ಎರಡು ಚುಕ್ಕೆ ಇಟ್ಟರೆ ಎಣಿಸುವುದು ಎಂದರ್ಥ. ಅಂಗಡಿಯಲ್ಲಿ ಹಣ ಎಣಿಸುವುದಕ್ಕೂ ಕೊಡುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಹೇಳಬೇಕಾಗಿಲ್ಲವಷ್ಟೆ!

ಫ್ರೆಂಚ್ ಭಾಷೆಯಲ್ಲಿ ಓ, ಯು ಎಂಬ ಎರಡಕ್ಷರ ಬರೆದರೆ ‘ಅಥವಾ’ ಎಂದರ್ಥ. ‘ಯು’ ಮೇಲೆ ಎಡಗಡೆಯಿಂದ ಇಳಿದು ಬರುವ ಓರೆಗೆರೆ ಹಾಕಿದರೆ ‘ಎಲ್ಲಿ’ ಎಂದಾಗುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ಪಾಪಾ’ ಎಂದರೆ ಅಪ್ಪ. ಕೊನೆಯ ‘ಎ’ ಮೇಲಿನ ಗೆರೆಯನ್ನು ಮರೆತರೆ, ದಕ್ಷಿಣ ಅಮೆರಿಕದ ಸ್ಪ್ಯಾನಿಷ್ ಮಾತನಾಡುವವರಿಗೆ ಅದು ಆಲೂಗಡ್ಡೆ. ‘ಪ್ರೀತಿಯ ಅಪ್ಪನಿಗೆ’ ಎಂದು ಕಾಗದ ಬರೆಯ ಹೊರಟವರು ಗೆರೆಯೊಂದನ್ನು ಬಿಟ್ಟದ್ದರಿಂದ ಏನಾಯಿತು ನೋಡಿ.

ಇಂದು ನಮ್ಮ ಊರುಗಳಲ್ಲೂ ಬಹಳಷ್ಟು ಮಕ್ಕಳು ಇಂತಹ ಭಾಷೆಗಳನ್ನು ಕಲಿಯುತ್ತಿದ್ದಾರೆ. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳನ್ನು ಆಯ್ದುಕೊಳ್ಳಬಹುದು. ಬೆಂಗಳೂರಿನಲ್ಲಿ ಜರ್ಮನ್ ಕಲಿಸಲು ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್ ಕಲಿಸಲು ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಎಂಜಿನಿಯರಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕೆನ್ನುವವರಂತೂ ಕಾಲೇಜಿನಲ್ಲಿರುವಾಗಲೇ ಪಾಠಕ್ಕೆ ಸೇರುತ್ತಾರೆ. ನೋಟ್‌ಪುಸ್ತಕದಲ್ಲಿ ಚುಕ್ಕೆ ಗೆರೆಗಳನ್ನು ಇಡುವುದು ಸುಲಭ. ಆದರೆ ಮನೆಪಾಠವನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸಿ ಎಂದಾಗ ಮಕ್ಕಳು ಕೀಲಿಮಣೆ ನೋಡುತ್ತ ಕೂರುತ್ತಾರೆ. ಅಲ್ಲಿ ಚುಕ್ಕೆಯಿಟ್ಟ ‘ಯು’ ಎಲ್ಲಿದೆ? ಕಾಣದೆ ಕೊನೆಗೆ ಬರಿಯ ‘ಯು’ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಕಾದ ಅಗತ್ಯ ಇಲ್ಲವೇ ಇಲ್ಲ. ಹೇಗೆ ಎಂಬುದನ್ನು ಈ ವಾರ ನೋಡೋಣ. ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರಿನಿಂದಲೇ ಹೇಳುತ್ತ ಹೋಗುತ್ತೇನೆ. ನೀವು ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಬರೆದುಕೊಳ್ಳುತ್ತ ಓದಿ.

ಚುಕ್ಕೆ ಎಲ್ಲಿಂದ ಬಂತು?

ಮೊದಲು ಒಂದು ಸಂದೇಹ ನಿವಾರಣೆಯಾಗಲಿ. ಈ ಚುಕ್ಕೆ ಗೆರೆಗಳು ಅಲಂಕಾರವೆಂದು ಹಲವರು ತಿಳಿದಿದ್ದಾರೆ. ಅವುಗಳ ಹುಟ್ಟನ್ನು ಕೆದಕಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಜರ್ಮನ್ ಭಾಷೆಯ ಜೋಡಿ ಚುಕ್ಕೆಗೆ ‘ಉಮ್ಲೌಟ್’ ಎಂದು ಹೆಸರು. ಹಿಂದಿನ ಕಾಲದಲ್ಲಿ ಅಲ್ಲಿ ಚುಕ್ಕೆಯ ಬದಲಿಗೆ ‘ಇ’ ಅಕ್ಷರವನ್ನೇ ಪುಟ್ಟದಾಗಿ ಮೇಲೆ ಬರೆಯುತ್ತಿದ್ದರು. ಜರ್ಮನರ ಹಳೆಯ ಕೈಬರಹದಲ್ಲಿ ‘ಇ’ ಎರಡು ಸಣ್ಣ ಗೀಟುಗಳಂತೆ ಕಾಣುತ್ತಿತ್ತು. ಗೀಟುಗಳು ಸವೆದು ಸವೆದು ಚುಕ್ಕೆಗಳಾದವು.

ಸ್ಪ್ಯಾನಿಷ್ ಭಾಷೆಯಲ್ಲಿ ‘ಎನ್’ ಮೇಲೆ ಹಾವಿನಂತೆ ಡೊಂಕಾದ ಗೆರೆಯಿರುವ ಅಕ್ಷರವೊಂದಿದೆ. ಅದಕ್ಕೆ ‘ಎನ್ಯೆ’ ಎನ್ನುತ್ತಾರೆ. ಇದೂ ಹಾಗೆಯೇ. ಕೈಬರಹದ ಗ್ರಂಥಗಳನ್ನು ನಕಲು ಮಾಡುತ್ತಿದ್ದವರು ಎರಡು ‘ಎನ್’ ಬರೆಯಬೇಕಾದಲ್ಲಿ ಜಾಗ ಉಳಿಸಲು ಒಂದನ್ನು ಇನ್ನೊಂದರ ಮೇಲೆ ಸಣ್ಣದಾಗಿ ಗೀಚಿದರು. ಫ್ರೆಂಚಿನಲ್ಲಿ ಆಸ್ಪತ್ರೆಗೆ ‘ಒಪಿತಾಲ್’ ಎನ್ನುವಾಗ ‘ಓ’ ಮೇಲೆ ಮನೆಯ ಮಾಡಿನಂತಹ ಗುರುತು ಹಾಕುತ್ತಾರೆ. ‘ಹಾಸ್ಪಿಟಲ್’ ಪದದಲ್ಲಿರುವ ‘ಎಸ್’ ಆ ಮಾಡಿನ ಕೆಳಗೆ ಅಡಗಿದೆ. ಕಾಡು ಎಂಬ ಅರ್ಥದ ‘ಫೊರೆ’ ಪದದಲ್ಲಿ ‘ಫಾರೆಸ್ಟ್’ನ ‘ಎಸ್’ ಹೀಗೆಯೇ ಕುಳಿತಿದೆ. ಫ್ರೆಂಚ್ ಅಕಾಡೆಮಿ 1740ರ ತನ್ನ ನಿಘಂಟಿನಲ್ಲಿ ಈ ಮಾಡಿನ ಗುರುತಿಗೆ ಅಧಿಕೃತ ಸ್ಥಾನ ಕೊಟ್ಟಿತು.

ಅಂದರೆ ಒಂದೊಂದು ಚಿಹ್ನೆಯೊಳಗೂ ಒಂದೊಂದು ಅಕ್ಷರ ಅಡಗಿದೆ. ನಮಗೆ ಇದು ಹೊಸದೇನಲ್ಲ. ನಮ್ಮ ಒತ್ತಕ್ಷರವೂ ಅಕ್ಷರವೇ ಅಲ್ಲವೆ? ‘ಅಕ್ಕ’ ಎನ್ನುವಾಗ ಎರಡನೆಯ ‘ಕ’ ಸಣ್ಣದಾಗಿ ಕೆಳಗೆ ಕೂರುತ್ತದೆ. ಅದನ್ನು ಅಲಂಕಾರವೆಂದು ಯಾರೂ ಬಿಟ್ಟುಬಿಡುವುದಿಲ್ಲ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಾಗ ನಮ್ಮ ಭಾಷೆಗೂ ಇದೇ ಗತಿಯಾಗುವುದನ್ನು ಗಮನಿಸಿದ್ದೀರಾ? ‘ಹಳ್ಳಿ’ಗೂ ‘ಹಲ್ಲಿ’ಗೂ ಒಂದೇ ಕಾಗುಣಿತ: ಎಚ್, ಎ, ಎಲ್, ಎಲ್, ಐ. ಮೊಬೈಲಿನಲ್ಲಿ ಹೀಗೆ ಬಂದ ಸಂದೇಶವನ್ನು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ವಿದ್ವಾಂಸರಿಗೆ ಇದು ಸಾಲದು. ಆದ್ದರಿಂದ ಅವರು ‘ಳ’ಕಾರಕ್ಕೆ ‘ಎಲ್’ ಕೆಳಗೆ ಚುಕ್ಕೆ, ‘ಣ’ಕಾರಕ್ಕೆ ‘ಎನ್’ ಕೆಳಗೆ ಚುಕ್ಕೆ, ದೀರ್ಘಕ್ಕೆ ಸ್ವರದ ಮೇಲೆ ಅಡ್ಡಗೆರೆ ಹಾಕುತ್ತಾರೆ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಪದಗಳಿಗೆ ಇಂತಹ ಗುರುತುಗಳನ್ನು ಎಚ್ಚರದಿಂದ ಇಟ್ಟಿದ್ದಾರೆ. ನಮ್ಮ ಚುಕ್ಕೆಯನ್ನು ಅವರು ಬಿಡಲಿಲ್ಲ. ಅವರ ಚುಕ್ಕೆಯನ್ನು ನಾವೂ ಬಿಡಬಾರದು.

ಕೀಲಿಮಣೆಯಲ್ಲಿ ಏಕಿಲ್ಲ?

ನಮ್ಮ ಮನೆ, ಶಾಲೆಗಳಲ್ಲಿರುವ ಕೀಲಿಮಣೆ ಅಮೆರಿಕದ ಮಾದರಿಯದು. ಅಮೆರಿಕದಲ್ಲಿ 1963ರಲ್ಲಿ ‘ಆಸ್ಕಿ’ ಎಂಬ ಸಂಕೇತ ಪಟ್ಟಿ ಸಿದ್ಧವಾಯಿತು. 1967ರಲ್ಲಿ ಅದನ್ನು ಪರಿಷ್ಕರಿಸಿದರು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡಬೇಕು. ಆ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನಗಳು. ಅದರಲ್ಲಿ ಅಚ್ಚಾಗುವ ಚಿಹ್ನೆಗಳು, ಖಾಲಿ ಜಾಗವೂ ಸೇರಿ, 95. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಚುಕ್ಕೆಯ ‘ಯು’ಗೆ ಅಲ್ಲಿ ಜಾಗವಿರಲಿಲ್ಲ. ಕನ್ನಡದ ‘ಕ’ಕ್ಕಂತೂ ಕೇಳುವುದೇ ಬೇಡ.

1987ರಲ್ಲಿ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ 256 ಸ್ಥಾನಗಳ ಅಂತರರಾಷ್ಟ್ರೀಯ ಪಟ್ಟಿ ಬಂತು. ಅದರಲ್ಲಿ ಬಲಕ್ಕೆ ಏರುವ ಗೆರೆಯುಳ್ಳ ಫ್ರೆಂಚ್ ‘ಇ’ಗೆ 233, ಜೋಡಿ ಚುಕ್ಕೆಯ ‘ಯು’ಗೆ 252, ಸ್ಪ್ಯಾನಿಷ್ ‘ಎನ್ಯೆ’ಗೆ 241 ಎಂಬ ಸಂಖ್ಯೆಗಳು ಸಿಕ್ಕವು. ಲೋಕದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಬೇಕೆಂದು 1991ರಲ್ಲಿ ‘ಯೂನಿಕೋಡ್’ ಪ್ರಕಟವಾಯಿತು. ಅದು ಈ ಸಂಖ್ಯೆಗಳನ್ನು ಹಾಗೆಯೇ ಉಳಿಸಿಕೊಂಡಿತು. ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ಬಂದವು. ನಮ್ಮ ‘ಲ’ಕಾರ 3250, ‘ಳ’ಕಾರ 3251. ಹಲ್ಲಿಗೂ ಹಳ್ಳಿಗೂ ಇರುವ ವ್ಯತ್ಯಾಸ ಕಂಪ್ಯೂಟರಿಗೆ ಈ ಒಂದು ಅಂಕಿಯಲ್ಲಿದೆ! ಇಂದು ಯೂನಿಕೋಡಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಚಿಹ್ನೆಗಳಿವೆ. 2010ರಲ್ಲಿ ನಮ್ಮ ರೂಪಾಯಿಗೆ ಹೊಸ ಚಿಹ್ನೆ ಬಂದಾಗ ಅದೇ ವರ್ಷ ಅದಕ್ಕೆ 8377ನೆಯ ಸ್ಥಾನ ದೊರೆಯಿತು.

ಸ್ಥಾನ ಸಿಕ್ಕ ಮಾತ್ರಕ್ಕೆ ಎಲ್ಲವೂ ಸುಲಭವಾಗಲಿಲ್ಲ. ಎನ್ಯೆ ಇಲ್ಲದ ಕಂಪ್ಯೂಟರುಗಳನ್ನು ತಮ್ಮ ದೇಶದಲ್ಲಿ ಮಾರಕೂಡದೆಂದು ಸ್ಪೇನಿನಲ್ಲಿ ನಿಯಮವಿತ್ತು. ಇದು ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂದು 1991ರಲ್ಲಿ ಯುರೋಪಿಯನ್ ಸಮುದಾಯ ಆಕ್ಷೇಪಿಸಿತು. ಸ್ಪ್ಯಾನಿಷ್ ಲೇಖಕರೂ ಭಾಷಾ ಅಕಾಡೆಮಿಯೂ ಎದ್ದು ನಿಂತರು. 1993ರಲ್ಲಿ ಸ್ಪೇನ್ ಸರ್ಕಾರ ಹೊಸ ಆದೇಶ ಹೊರಡಿಸಿ ತನ್ನ ಅಕ್ಷರವನ್ನು ಉಳಿಸಿಕೊಂಡಿತು. ಒಂದು ಅಕ್ಷರಕ್ಕಾಗಿ ಒಂದು ದೇಶ ಪಟ್ಟು ಹಿಡಿದ ಪ್ರಸಂಗವಿದು. ಸ್ಪ್ಯಾನಿಷ್ ಕಲಿಸುವ ಸರ್ವಾಂಟೆಸ್ ಸಂಸ್ಥೆಯ ಲಾಂಛನದಲ್ಲಿ ಇಂದಿಗೂ ಎನ್ಯೆ ಇದೆ.

ಅಂತರಜಾಲದ ಸಹಾಯ

ಈಗ ಕೆಲಸಕ್ಕೆ ಬರೋಣ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತಾಗ ಅದರ ವ್ಯವಸ್ಥೆಯನ್ನು ಬದಲಿಸಲು ನಮಗೆ ಅಧಿಕಾರವಿರುವುದಿಲ್ಲ. ಅಂತಹ ಕಡೆ ಅಂತರಜಾಲದ ಕೀಲಿಮಣೆಗಳು ಬಹಳ ಉಪಯುಕ್ತ. ‘ಟೈಪ್‌ಇಟ್’, ‘ಲೆಕ್ಸಿಲೋಗೋಸ್’ ಮುಂತಾದ ತಾಣಗಳಿವೆ. ಭಾಷೆಯನ್ನು ಆರಿಸಿಕೊಂಡರೆ ಪರದೆಯ ಮೇಲೆ ಬರೆಯಲು ಒಂದು ಚೌಕಟ್ಟೂ ಆ ಭಾಷೆಯ ವಿಶೇಷ ಅಕ್ಷರಗಳ ಬಟನ್‌ಗಳೂ ಕಾಣುತ್ತವೆ. ಸಾಮಾನ್ಯ ಅಕ್ಷರಗಳನ್ನು ನಿಮ್ಮ ಕೀಲಿಮಣೆಯಿಂದಲೇ ಒತ್ತಿ. ವಿಶೇಷ ಅಕ್ಷರ ಬಂದಾಗ ಮೌಸಿನಿಂದ ಬಟನ್ ಒತ್ತಿ. ಬರೆದು ಮುಗಿದ ಮೇಲೆ ಅದನ್ನು ಕಾಪಿ ಮಾಡಿ ಬೇಕಾದಲ್ಲಿ ಪೇಸ್ಟ್ ಮಾಡಿ. ಇಷ್ಟೇ ವಿದ್ಯೆ.

ಒಳಗೆ ನಡೆಯುವುದೇನು? ನೀವು ಚುಕ್ಕೆಯ ‘ಯು’ ಬಟನ್ ಒತ್ತಿದಾಗ ಆ ಪುಟದಲ್ಲಿರುವ ಪುಟ್ಟ ಪ್ರೋಗ್ರಾಮು ಚೌಕಟ್ಟಿನಲ್ಲಿ 252 ಎಂಬ ಸಂಖ್ಯೆಯನ್ನು ಸೇರಿಸುತ್ತದೆ. ಪರದೆಯಲ್ಲಿ ಕಾಣುವ ಅಕ್ಷರವು ಆ ಸಂಖ್ಯೆಗೆ ಫಾಂಟ್ ತೊಡಿಸುವ ವೇಷ. ಕಾಪಿ ಮಾಡಿದಾಗ ಹೋಗುವುದೂ ಸಂಖ್ಯೆಯೇ. ಆದ್ದರಿಂದಲೇ ಅದು ಬೇರೆ ಕಂಪ್ಯೂಟರಿಗೆ ಹೋದರೂ ಅದೇ ಅಕ್ಷರವಾಗಿ ಉಳಿಯುತ್ತದೆ. ಆ ಕಂಪ್ಯೂಟರಿನ ಫಾಂಟಿನಲ್ಲಿ ಆ ಸಂಖ್ಯೆಗೆ ವೇಷವಿಲ್ಲದಿದ್ದರೆ ಖಾಲಿ ಚೌಕ ಕಾಣಬಹುದು. ಆಗ ಅಕ್ಷರ ಕಳೆದುಹೋಯಿತೆಂದು ಗಾಬರಿಯಾಗಬೇಡಿ. ಸಂಖ್ಯೆ ಒಳಗೆ ಕ್ಷೇಮವಾಗಿಯೇ ಇರುತ್ತದೆ.

ಸಾವಿರಾರು ಅಕ್ಷರಗಳಿರುವ ಚೀನೀ ಭಾಷೆಗೆ ಬಟನ್‌ಗಳ ಸಾಲು ಸಾಲದು. ಅಲ್ಲಿ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಅದಕ್ಕೆ ಹೊಂದುವ ಅಕ್ಷರಗಳ ಪಟ್ಟಿ ಬರುತ್ತದೆ, ನಾವು ಆರಿಸಬೇಕು. ವಿಯೆಟ್ನಾಮಿನವರು ಇನ್ನೊಂದು ಉಪಾಯ ಮಾಡಿದ್ದಾರೆ. ಅವರ ಭಾಷೆಯಲ್ಲಿ ‘ಮ’ ಎಂಬುದನ್ನೇ ಆರು ಬಗೆಯ ಏರಿಳಿತದಲ್ಲಿ ಹೇಳಬಹುದು. ಗುರುತಿಲ್ಲದೆ ಬರೆದರೆ ದೆವ್ವ, ಕೆಳಗೆ ಚುಕ್ಕೆಯಿಟ್ಟರೆ ಭತ್ತದ ಸಸಿ! ಅವರ ‘ಟೆಲೆಕ್ಸ್’ ಎಂಬ ವಿಧಾನದಲ್ಲಿ ಪದದ ಜೊತೆಗೆ ಎಸ್, ಎಫ್, ಆರ್, ಎಕ್ಸ್, ಜೆ ಎಂಬ ಐದರಲ್ಲಿ ಒಂದನ್ನು ಒತ್ತಿದರೆ ಅದು ತಾನಾಗಿ ಸ್ವರದ ಗುರುತಾಗಿ ಮಾರ್ಪಡುತ್ತದೆ.

ಸ್ವಂತ ಕಂಪ್ಯೂಟರ್ ಇದ್ದರೆ

ದಿನವೂ ಬರೆಯಬೇಕಾದವರು ಪ್ರತಿಸಲ ತಾಣ ತೆರೆಯುವುದು ಬೇಡ. ವಿಂಡೋಸ್‌ನಲ್ಲಿ ‘ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್’ ಎಂಬ ಕೀಲಿಮಣೆಯ ವಿನ್ಯಾಸವನ್ನು ಆರಿಸಿಕೊಳ್ಳಬಹುದು. ಹೊಸ ಕೀಲಿಮಣೆ ಕೊಳ್ಳಬೇಕಾಗಿಲ್ಲ, ಹಣವೂ ಖರ್ಚಾಗುವುದಿಲ್ಲ. ಆಮೇಲೆ ಜೋಡಿ ಉದ್ಧರಣ ಚಿಹ್ನೆಯನ್ನು ಒತ್ತಿ ‘ಯು’ ಒತ್ತಿದರೆ ಜೋಡಿ ಚುಕ್ಕೆಯ ‘ಯು’. ಒಂಟಿ ಉದ್ಧರಣ ಚಿಹ್ನೆಯನ್ನು ಒತ್ತಿ ‘ಇ’ ಒತ್ತಿದರೆ ಫ್ರೆಂಚ್ ಗೆರೆಯ ‘ಇ’. ಡೊಂಕು ಗೆರೆಯ ಕೀಲಿಯ ನಂತರ ‘ಎನ್’ ಒತ್ತಿದರೆ ಎನ್ಯೆ. ಮೊದಲ ಕೀಲಿ ಒತ್ತಿದಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಎರಡನೆಯದಕ್ಕಾಗಿ ಕಾಯುತ್ತದೆ. ಇಂತಹ ಕೀಲಿಗೆ ಇಂಗ್ಲಿಷಿನಲ್ಲಿ ‘ಸತ್ತ ಕೀಲಿ’ ಎಂಬ ಅರ್ಥದ ಹೆಸರಿದೆ. ಹೆಸರು ಬಂದದ್ದು ಹಳೆಯ ಟೈಪ್‌ರೈಟರಿನಿಂದ. ಅದರಲ್ಲಿ ಗುರುತಿನ ಕೀಲಿ ಒತ್ತಿದರೆ ಗುರುತು ಅಚ್ಚಾಗುತ್ತಿತ್ತು, ಆದರೆ ಕಾಗದ ಮುಂದೆ ಸರಿಯುತ್ತಿರಲಿಲ್ಲ. ಅದೇ ಜಾಗದಲ್ಲಿ ಮುಂದಿನ ಅಕ್ಷರ ಬಂದು ಕೂರುತ್ತಿತ್ತು.

ಈ ವಿನ್ಯಾಸದಲ್ಲಿ ಬರಿಯ ಉದ್ಧರಣ ಚಿಹ್ನೆಯೇ ಬೇಕಾದರೆ ಅದನ್ನೊತ್ತಿ ಖಾಲಿ ಜಾಗದ ಉದ್ದ ಕೀಲಿಯನ್ನು ಒತ್ತಬೇಕು. ಎರಡು ದಿನದಲ್ಲಿ ಬೆರಳು ಕಲಿತುಕೊಳ್ಳುತ್ತದೆ.

ಇನ್ನೊಂದು ದಾರಿ: ಆಲ್ಟ್ ಕೀಲಿಯನ್ನು ಹಿಡಿದುಕೊಂಡು ಬಲಗಡೆಯ ಅಂಕಿಗಳ ಗುಂಪಿನಲ್ಲಿ 0252 ಒತ್ತಿ ಆಲ್ಟ್ ಬಿಟ್ಟರೆ ಚುಕ್ಕೆಯ ‘ಯು’ ಬರುತ್ತದೆ. ‘ಎ’ಗೆ 0228, ‘ಓ’ಗೆ 0246, ಫ್ರೆಂಚ್ ‘ಇ’ಗೆ 0233, ಎನ್ಯೆಗೆ 0241. ಮೊದಲ ಸೊನ್ನೆಯನ್ನು ಬಿಡಬೇಡಿ. ಬಲಗಡೆ ಅಂಕಿಗಳ ಗುಂಪಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದು ನಡೆಯದು. ಮೊಬೈಲಿನಲ್ಲಾದರೆ ಇನ್ನೂ ಸರಳ. ಇಂಗ್ಲಿಷ್ ಅಕ್ಷರವನ್ನು ಒತ್ತಿ ಹಿಡಿದುಕೊಳ್ಳಿ, ಅದರ ಬಂಧುಬಳಗವೆಲ್ಲ ಮೇಲೆ ಕಾಣಿಸಿಕೊಳ್ಳುತ್ತದೆ. ಬೇಕಾದುದರತ್ತ ಬೆರಳು ಸರಿಸಿ ಬಿಟ್ಟರಾಯಿತು.

ಒಂದೇ ರೂಪ, ಬೇರೆ ಸಂಖ್ಯೆ

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಸ್ವಾರಸ್ಯವೊಂದಿದೆ. ಭೌತಶಾಸ್ತ್ರದಲ್ಲಿ ‘ಆಂಗ್‌ಸ್ಟ್ರಾಂ’ ಎಂಬ ಅಳತೆಯನ್ನು ನೀವು ಓದಿರುತ್ತೀರಿ. ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು, ಅಂದರೆ 0.1 ನ್ಯಾನೋಮೀಟರ್. ಸ್ವೀಡನ್ ದೇಶದ ಭೌತವಿಜ್ಞಾನಿ ಆಂಡರ್ಸ್ ಆಂಗ್‌ಸ್ಟ್ರಾಂ (1814-1874) ಅವರ ಹೆಸರು ಅದಕ್ಕಿದೆ. ಅದರ ಚಿಹ್ನೆ, ಮೇಲೆ ಪುಟ್ಟ ಬಳೆಯಿರುವ ದೊಡ್ಡ ‘ಎ’. ಸ್ವೀಡಿಷ್ ಭಾಷೆಯಲ್ಲಿ ಅದು ವರ್ಣಮಾಲೆಯ ಒಂದು ಪ್ರತ್ಯೇಕ ಅಕ್ಷರವೇ ಹೌದು.

ಈ ಚಿಹ್ನೆಯನ್ನು ಕಂಪ್ಯೂಟರಿನಲ್ಲಿ ಮೂರು ಬಗೆಯಾಗಿ ಬರೆಯಬಹುದು. ಸ್ವೀಡಿಷ್ ಅಕ್ಷರವಾಗಿ 197. ಅಳತೆಯ ಚಿಹ್ನೆಯಾಗಿ 8491. ಇಲ್ಲವೆ ಬರಿಯ ‘ಎ’ 65, ಅದರ ಹಿಂದೆ ‘ಬಳೆ’ 778, ಹೀಗೆ ಎರಡು ಸಂಖ್ಯೆಗಳು ಸೇರಿ. ಮೂರೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಮೂರೂ ಬೇರೆ. ಫ್ರೆಂಚ್ ‘ಇ’ ಕೂಡ ಹಾಗೆಯೇ. ಒಂದೇ ಸಂಖ್ಯೆಯಾಗಿ 233, ಬಿಡಿಸಿ ಬರೆದರೆ 101 ಮತ್ತು 769.

ನಮ್ಮ ‘ಕೋ’ ಅಕ್ಷರವನ್ನೇ ನೋಡಿ. ‘ಕ’ದ ಮುಂದೆ ಓತ್ವದ ಗುರುತನ್ನು 3275 ಎಂಬ ಒಂದೇ ಸಂಖ್ಯೆಯಾಗಿ ಬರೆಯಬಹುದು. ಬಿಡಿಸಿದರೆ ಅದು 3270, 3266, 3285 ಎಂಬ ಮೂರು ತುಂಡುಗಳು: ಎತ್ವ, ಕೊಂಬಿನ ದೀರ್ಘ ಮತ್ತು ಕೊನೆಯ ದೀರ್ಘ. ಕೈಯಲ್ಲಿ ಬರೆಯುವಾಗ ನಾವು ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಇದರಿಂದ ತೊಂದರೆ ಏನು? ಪದವೊಂದನ್ನು ಒಂದು ರೀತಿ ಬರೆದಿಟ್ಟು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಕಂಪ್ಯೂಟರ್ ‘ಇಲ್ಲ’ ಎನ್ನಬಹುದು. ಕಣ್ಣೆದುರಿಗೇ ಇರುತ್ತದೆ, ಆದರೂ ಇಲ್ಲ! ಇವೆರಡೂ ಒಂದೇ ಎಂದು ತಿಳಿಯಲು ಯೂನಿಕೋಡಿನಲ್ಲಿ ನಿಯಮಗಳಿವೆ. ಒಳ್ಳೆಯ ಪ್ರೋಗ್ರಾಮುಗಳು ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುತ್ತವೆ. ಎಲ್ಲ ಪ್ರೋಗ್ರಾಮುಗಳೂ ಅಷ್ಟು ಜಾಣತನ ತೋರುವುದಿಲ್ಲ. ಆದ್ದರಿಂದ ಗುಪ್ತಪದದಲ್ಲಿ ಇಂತಹ ಅಕ್ಷರ ಬಳಸದಿರುವುದು ಮೇಲು.

ರೂಪ ನೋಡಿ ಮೋಸಹೋಗುವ ಇನ್ನೊಂದು ಸಂದರ್ಭವಿದೆ. ಜರ್ಮನ್ ಭಾಷೆಯಲ್ಲಿ ಎರಡು ‘ಎಸ್’ ಬೆಸೆದುಕೊಂಡ ಅಕ್ಷರವೊಂದು ಇಂಗ್ಲಿಷಿನ ದೊಡ್ಡ ‘ಬಿ’ಯಂತೆ ಕಾಣುತ್ತದೆ. ಅದರ ಸಂಖ್ಯೆ 223. ಕೆಲವು ಮಕ್ಕಳು ಅದು ಸಿಗದೆ ‘ಬಿ’ಯನ್ನೇ ಒತ್ತುತ್ತಾರೆ. ವಿಜ್ಞಾನ ಓದುವವರು ಜಾಣತನದಿಂದ ಗ್ರೀಕ್ ‘ಬೀಟಾ’ ತಂದು ಕೂರಿಸುತ್ತಾರೆ, ಅದರ ಸಂಖ್ಯೆ 946. ಎರಡೂ ತಪ್ಪು. ರಸ್ತೆ ಎಂಬ ಅರ್ಥದ ‘ಷ್ಟ್ರಾಸೆ’ ಪದವನ್ನು ‘ಬಿ’ ಹಾಕಿ ಬರೆದರೆ ಜರ್ಮನರು ‘ಷ್ಟ್ರಾಬೆ’ ಎಂದು ಓದುತ್ತಾರೆ. ಉತ್ತರವನ್ನು ಯಂತ್ರವೇ ತಿದ್ದುವ ಅಭ್ಯಾಸಗಳಲ್ಲಂತೂ ಸಂಖ್ಯೆ ಹೊಂದದಿದ್ದರೆ ಅಂಕವಿಲ್ಲ. ಗೆರೆಯ ‘ಇ’ ಬದಲು ‘ಇ’ ಒತ್ತಿ ಮುಂದೆ ಉದ್ಧರಣ ಚಿಹ್ನೆ ಹಾಕುವುದೂ ಹೀಗೆಯೇ. ದೂರದಿಂದ ನೋಡಿದವರಿಗೆ ಸರಿಯೆನಿಸಬಹುದು, ಯಂತ್ರಕ್ಕಲ್ಲ.

ಹಳೆಯ ಕಡತದ ಗೊಂದಲ

ನುಡಿ ಅಥವಾ ಬರಹದಲ್ಲಿ ಹಳೆಯ ವಿಧಾನದಿಂದ ಬರೆದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಒಂದು ದೃಶ್ಯ ನೆನಪಿರಬೇಕು. ಕನ್ನಡದ ಬದಲಿಗೆ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಮಧ್ಯೆ ನೆತ್ತಿಯ ಮೇಲೆ ಗೆರೆಯುಳ್ಳ ದೊಡ್ಡ ‘ಎ’ಗಳು ಸಾಲುಸಾಲಾಗಿ! ಅವು ಎಲ್ಲಿಂದ ಬಂದವೆಂದು ಯೋಚಿಸಿದ್ದೀರಾ? ಕನ್ನಡಕ್ಕೆ ಯೂನಿಕೋಡ್ ಬಳಕೆಗೆ ಬರುವ ಮುನ್ನ ಯುರೋಪಿನ ಆ 256ರ ಪಟ್ಟಿಯ ಸ್ಥಾನಗಳಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. 192 ಎಂಬ ಸಂಖ್ಯೆ ಅಲ್ಲಿ ಫ್ರೆಂಚರ ಗೆರೆಯ ‘ಎ’, ನುಡಿಯಲ್ಲಿ ನಮ್ಮ ತಲೆಕಟ್ಟು. ಜರ್ಮನರ ಜೋಡಿ ಎಸ್, ‘ಕನ್ನಡ’ ಎಂಬ ಪದದಲ್ಲಿ ‘ನ’ಕಾರದ ಒತ್ತಾಗಿ ದುಡಿಯುತ್ತಿತ್ತು. ವೇಷ ಕಳಚಿದಾಗ ಮೂಲ ಪಾತ್ರಧಾರಿಗಳು ಕಾಣಿಸಿಕೊಂಡರು, ಅಷ್ಟೇ.

ಇದೇ ಗೊಂದಲದ ಇನ್ನೊಂದು ರೂಪ ವಿದೇಶದ ಮಿಂಚಂಚೆಗಳಲ್ಲಿ ಸಿಗುತ್ತದೆ. ಫ್ರೆಂಚ್ ‘ಇ’ ಇರಬೇಕಾದ ಕಡೆ ಡೊಂಕು ಗೆರೆಯ ದೊಡ್ಡ ‘ಎ’ಯೂ ಅದರ ಪಕ್ಕ ಕೃತಿಸ್ವಾಮ್ಯದ ವೃತ್ತವೂ ಕಾಣುತ್ತವೆ. ‘ಯುಟಿಎಫ್-8’ ಎಂಬ ಇಂದಿನ ಪದ್ಧತಿಯಲ್ಲಿ 233ನ್ನು ಕಳಿಸುವಾಗ 195, 169 ಎಂಬ ಎರಡು ತುಂಡುಗಳಾಗಿ ಕಳಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಓದುವ ಪ್ರೋಗ್ರಾಮು ಅವೆರಡನ್ನು ಎರಡು ಅಕ್ಷರಗಳೆಂದು ತಿಳಿಯುತ್ತದೆ. ಹಾಗೆ ಕಂಡರೆ ಪುನಃ ಬರೆಯಬೇಡಿ. ಕಡತವನ್ನು ‘ಯುಟಿಎಫ್-8’ ಎಂದು ಆರಿಸಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಏನೂ ಸಿಗದಿದ್ದರೆ?

ಚುಕ್ಕೆಯ ಅಕ್ಷರವನ್ನು ಹೇಗೂ ಹಾಕಲಾಗದ ಸಂದರ್ಭಗಳು ಬರುತ್ತವೆ. ಆಗ ಬರಿದೆ ಬಿಟ್ಟುಬಿಡಬೇಡಿ. ಜರ್ಮನರೇ ಒಪ್ಪಿರುವ ಕ್ರಮವಿದೆ: ಚುಕ್ಕೆಯ ‘ಎ’ಗೆ ‘ಎಇ’, ‘ಓ’ಗೆ ‘ಓಇ’, ‘ಯು’ಗೆ ‘ಯುಇ’, ಜೋಡಿ ಎಸ್‌ಗೆ ಎರಡು ‘ಎಸ್’. ಚುಕ್ಕೆಯೊಳಗೆ ‘ಇ’ ಅಡಗಿದೆ ಎಂದು ಮೊದಲೇ ನೋಡಿದೆವಲ್ಲ, ಅದು ಇಲ್ಲಿ ಹೊರಗೆ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಬರೆಯುವವರು ಎಂದಿನ ಬರವಣಿಗೆಯಲ್ಲೂ ಆ ಜೋಡಿ ಅಕ್ಷರದ ಬದಲು ಎರಡು ‘ಎಸ್’ ಬರೆಯುತ್ತಾರೆ.

ಈ ಕ್ರಮವನ್ನು ಹಿಂದುಮುಂದಾಗಿ ನಡೆಸಬಾರದು. ಜರ್ಮನರ ಮಹಾಕವಿ ಗಯಟೆ ಅವರ ಹೆಸರಿನಲ್ಲಿ ‘ಓಇ’ ಇದೆ. ಅದನ್ನು ಹಾಗೆಯೇ ಬರೆಯಬೇಕು. ಚುಕ್ಕೆ ಹಾಕಿ ತಿದ್ದಿದರೆ ಅದೇ ತಪ್ಪಾಗುತ್ತದೆ. ಹೆಸರು ಅವರವರ ಸ್ವತ್ತು. ಅವರು ಹೇಗೆ ಬರೆಯುತ್ತಾರೋ ಹಾಗೆ. ವಿದೇಶದ ಪ್ರಾಧ್ಯಾಪಕರಿಗೆ ಪ್ರವೇಶ ಕೋರಿ ಪತ್ರ ಬರೆಯುವಾಗ ಅವರ ವಿಶ್ವವಿದ್ಯಾಲಯದ ಪುಟದಲ್ಲಿರುವ ಹೆಸರನ್ನು ಕಾಪಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ‘ಲಕ್ಷ್ಮಣ’ ಎಂಬುವರಿಗೆ ‘ಲಕ್ಷಣ’ ಎಂದು ಪತ್ರ ಬಂದರೆ ಹೇಗನಿಸೀತು? ಅವರಿಗೂ ಹಾಗೆಯೇ.

ಪಾಲಕರಿಗೆ ಎರಡು ಮಾತು

ಪಾಸ್‌ಪೋರ್ಟಿನಲ್ಲಿ ಭಾವಚಿತ್ರವಿರುವ ಪುಟದ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಇಂಗ್ಲಿಷಿನ 26 ದೊಡ್ಡಕ್ಷರ, ಅಂಕಿಗಳು ಮತ್ತು ಬಾಣದ ಮೊನೆಯಂತಹ ಚಿಹ್ನೆಯ ಹೊರತು ಬೇರೇನೂ ಇರುವಂತಿಲ್ಲ. ಜರ್ಮನರ ‘ಮ್ಯುಲರ್’ ಕೂಡ ಆ ಸಾಲಿನಲ್ಲಿ ‘ಯುಇ’ ಆಗುತ್ತಾರೆ. ಆದ್ದರಿಂದ ಅರ್ಜಿ, ಟಿಕೆಟ್‌ಗಳಲ್ಲಿ ನಿಮ್ಮ ಮಗ ಅಥವಾ ಮಗಳ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿಸಿ. ಉಚ್ಚಾರಣೆ ಸರಿಬರಲೆಂದು ಚುಕ್ಕೆ ಗೆರೆ ಸೇರಿಸಬೇಡಿ.

ಅಂತರಜಾಲದ ಕೀಲಿಮಣೆಯಲ್ಲಿ ಮನೆಪಾಠ ಬರೆಯಬಹುದು, ಪತ್ರ ಬರೆಯಬಹುದು. ಪಾಸ್‌ಪೋರ್ಟ್ ಸಂಖ್ಯೆ, ಬ್ಯಾಂಕಿನ ವಿವರ, ಗುಪ್ತಪದಗಳನ್ನು ಮಾತ್ರ ಅಲ್ಲಿ ಒತ್ತಬಾರದು. ಕೆಲವು ತಾಣಗಳಲ್ಲಿ ಬರೆದದ್ದು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಪದವನ್ನು ಊಹಿಸಿ ಕೊಡುವಂತಹ ತಾಣಗಳಲ್ಲಿ ದೂರದ ಕಂಪ್ಯೂಟರಿಗೆ ಹೋಗುವುದುಂಟು. ಹೊರಗಿನಿಂದ ನೋಡಿ ಯಾವುದು ಹೇಗೆಂದು ಹೇಳುವುದು ಕಷ್ಟ. ಇನ್ನೊಂದು ಎಚ್ಚರ: ಇಂಗ್ಲಿಷಿನ ಸಣ್ಣ ‘ಎ’ 97, ರಷ್ಯನ್ ಲಿಪಿಯ ‘ಎ’ 1072. ನೋಡಲು ಅವಳಿಜವಳಿ. ಬ್ಯಾಂಕಿನ ವಿಳಾಸದಲ್ಲಿ ಒಂದರ ಬದಲು ಇನ್ನೊಂದನ್ನಿಟ್ಟು ವಂಚಕರು ಸುಳ್ಳು ತಾಣ ತೆರೆಯಬಲ್ಲರು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವ ಬದಲು ವಿಳಾಸವನ್ನು ನಿಮ್ಮ ಕೈಯಾರೆ ಒತ್ತಿ ಹೋಗುವ ಅಭ್ಯಾಸ ಒಳ್ಳೆಯದು.

ಕೊನೆಗೆ ವಿದ್ಯಾರ್ಥಿಗಳಿಗೆ ಎರಡು ಪ್ರಯೋಗ. ಮೊದಲನೆಯದಕ್ಕೆ ಕಂಪ್ಯೂಟರ್ ಬೇಡ. ‘ಉ’ ಎನ್ನುವಂತೆ ತುಟಿಗಳನ್ನು ಮುಂದೆ ಚಾಚಿ. ತುಟಿಯನ್ನು ಅಲುಗಿಸದೆ ಒಳಗಿನಿಂದ ‘ಇ’ ಎನ್ನಿ. ಹೊರಡುವ ಧ್ವನಿಯೇ ಜೋಡಿ ಚುಕ್ಕೆಯ ‘ಯು’. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಎರಡನೆಯದು ಪೈಥಾನ್ ಕಲಿಯುತ್ತಿರುವವರಿಗೆ. ಉದ್ದವನ್ನು ಹೇಳುವ ‘ಲೆನ್’ ಆಜ್ಞೆಗೆ ‘ಕೋ’ ಎಂಬ ಒಂದೇ ಅಕ್ಷರವನ್ನು ಕೊಡಿ. ಒಂದು ಎಂದು ಉತ್ತರ ಬರುವುದಿಲ್ಲ. ಎಷ್ಟು ಬಂತು, ಏಕೆ ಬಂತು ಎಂದು ಮೇಲಿನ ಸಂಖ್ಯೆಗಳನ್ನು ನೋಡಿ ನೀವೇ ಕಂಡುಕೊಳ್ಳಿ. ಆಮೇಲೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಅದರಲ್ಲಿ ಎಷ್ಟು ಸಂಖ್ಯೆಗಳಿವೆಯೆಂದು ಎಣಿಸಿ. ಒತ್ತಕ್ಷರವಿರುವ ಹೆಸರಾದರೆ ಲೆಕ್ಕ ಇನ್ನೂ ರುಚಿಕರವಾಗಿರುತ್ತದೆ.